ನನ್ನ ಹನ್ನೆರಡು ದಿನಗಳ ಇಟಲಿ

ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಹಳೆಯ ದೇವಾಲಯವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದರೊಂದಿಗೆ ಫ್ರೆಂಚ್ ಗುರು ಅಬ್ಬೆ ದುಬಾಯ್ ಅವರ ಹೆಸರು ಬೆಸೆದುಕೊಂಡಿದೆ. 1792ರಲ್ಲಿ ಭಾರತಕ್ಕೆ ಬಂದ ಅವರು 1823ರವರೆಗೆ ಇಲ್ಲಿಯೇ ನೆಲೆಸಿದರು. ಈ ನಾಡಿನ ಉಡುಪನ್ನು ತೊಟ್ಟರು, ಇಲ್ಲಿಯವರಂತೆ ಉಂಡರು, ಮೈಸೂರು ಸೀಮೆಯ ಜನರಿಗೆ ಸಿಡುಬಿನ ದೇವಿ ಹಾಕಿಸಿದರು.

ಇಂಥವರ ಗ್ರಂಥವನ್ನು ಮೊದಲ ಬಾರಿ ಓದಿದಾಗ ನನ್ನ ಮನಸ್ಸು ಮುದುಡಿತು. ಮದುವೆ, ಊಟ, ಸೂತಕಗಳನ್ನು ವರ್ಣಿಸುವಾಗ ಅವರ ಕಣ್ಣು ಬಲು ಸೂಕ್ಷ್ಮ. ತೀರ್ಪು ಕೊಡುವಾಗ ಮಾತ್ರ ಒಂದಿಡೀ ಜನಾಂಗವನ್ನು ಒಂದೇ ತಕ್ಕಡಿಗೆ ಹಾಕಿಬಿಡುತ್ತಾರೆ. ಅವರು ಬಾಳಿದ್ದು ದಕ್ಷಿಣದಲ್ಲಿ. ಆದರೆ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಶೀರ್ಷಿಕೆ ಇಡೀ ಭಾರತದ ಜನರ ಸ್ವಭಾವವನ್ನೇ ಹೇಳಹೊರಟಿತ್ತು. ಹಸ್ತಪ್ರತಿಯನ್ನು ಕೊಂಡದ್ದು ಈಸ್ಟ್ ಇಂಡಿಯಾ ಕಂಪನಿ. ಅದು ಸರ್ಕಾರದ ನೌಕರರಿಗೆ ಉಪಯುಕ್ತವೆಂದವರು ಗವರ್ನರ್ ಬೆಂಟಿಂಕ್. ಒಬ್ಬ ಭಾರತೀಯನೊಡನೆಯೂ ಮಾತನಾಡುವ ಮುನ್ನವೇ ಎಷ್ಟು ಅಧಿಕಾರಿಗಳು ನಮ್ಮನ್ನು 'ಬಲ್ಲವ'ರಾಗಿದ್ದರೋ! ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಗುರು ಕೂರ್ದೂ ಅವರ ಹಳೆಯ ಬರಹವೇ ಆಧಾರವೆಂದು 1987ರಲ್ಲಿ ವಿದುಷಿ ಸಿಲ್ವಿಯಾ ಮೂರ್ ತೋರಿಸಿಕೊಟ್ಟರು. ಕಂಡವರೊಬ್ಬರು, ಸಹಿ ಮತ್ತೊಬ್ಬರದು.

ಇದನ್ನೆಲ್ಲ ಖಂಡಿಸಿ ಬರೆಯಲು ಕುಳಿತೆ. ಆಗ ನೆನಪಾದದ್ದು ನನ್ನದೇ ಒಂದು ಲೇಖನ.

ಕೆಲವು ವರ್ಷಗಳ ಹಿಂದೆ ರೋಮಿಗೆ 12 ದಿನಗಳ ಯಾತ್ರೆ ಹೋಗಿ ಬಂದು, ನಮ್ಮ ಧರ್ಮಕೇಂದ್ರದ ಸ್ಮರಣ ಸಂಚಿಕೆಗೆ ಪ್ರವಾಸಕಥನ ಬರೆದಿದ್ದೆ. ಇಟಲಿಯವರು ಭಕ್ತಿಯನ್ನು ಮರೆತವರು, ಹಿರಿಯರನ್ನು ಆಶ್ರಮಕ್ಕೆ ತಳ್ಳುವವರು ಎಂಬುದು ಅದರ ಸಾರ. ನನ್ನ ಬಳಿಯಿದ್ದ ಸಾಕ್ಷ್ಯವೆಷ್ಟು ಗೊತ್ತೇ? ವಾರದ ನಡುವಿನ ಮಧ್ಯಾಹ್ನ ಬರಿದಾಗಿದ್ದ ಎರಡು ದೇವಾಲಯಗಳು, ಬಸ್ಸಿನಲ್ಲಿ ಕಳೆದುಹೋದ ಒಂದು ಪರ್ಸು, ಮಾರ್ಗದರ್ಶಿಯ ನಾಲ್ಕು ಮಾತು. ಲೇಖನವನ್ನು ಹಲವರು ಮೆಚ್ಚಿದರು, ನಾನೂ ಹಿಗ್ಗಿದೆ.

ಎರಡು ತಿಂಗಳ ಬಳಿಕ ಅಲ್ಲಿಂದಲೇ ಒಂದು ಪತ್ರ ಬಂತು. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ, ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ದಾದಿ. "ಮೇಷ್ಟ್ರೇ, ನಿಮ್ಮ ಲೇಖನ ಓದಿದಾಗಿನಿಂದ ಅಮ್ಮ ಫೋನಿನಲ್ಲಿ ಅಳುತ್ತಾರೆ, ಅಂಥವರ ನಡುವೆ ಹೇಗಿರುತ್ತೀ ಮಗಳೇ ಎಂದು. ನಾನು ದಿನವೂ ಸ್ನಾನ ಮಾಡಿಸುವ 89 ವರ್ಷದ ಅಜ್ಜಿ ಜಪಸರ ಹಿಡಿಯದೆ ಮಲಗುವುದಿಲ್ಲ. ಅವರ ಮಗ ಕೆಲಸ ಮುಗಿಸಿ ಸಂಜೆ ಬಂದು ತಾನೇ ತುತ್ತಿಡುತ್ತಾನೆ. ಇವರಿಬ್ಬರನ್ನು ನಿಮ್ಮ ಇಟಲಿಯಲ್ಲಿ ಎಲ್ಲಿ ಕೂರಿಸಲಿ?"

ದುಬಾಯ್ ಅವರು ಈ ನೆಲದಲ್ಲಿ 31 ವರ್ಷ ಕಳೆದಿದ್ದರು. ಆ ಪತ್ರ ಈಗ ಅವರ ಗ್ರಂಥದೊಳಗೇ ಇದೆ. ಉತ್ತರ ಬರೆಯಲು ಮೂರು ಸಲ ಕುಳಿತಿದ್ದೇನೆ. ಮೊದಲು ಅವಳ ತಾಯಿಯ ಮನೆಗೆ ಹೋಗಿಬರಬೇಕು.