ಹುಸಿ ಮೀಸೆ

ಹನ್ನೊಂದು ವರ್ಷದ ಹುಡುಗನನ್ನು ಅಪರಾತ್ರಿಯ ಕ್ಲಬ್ಬುಗಳಿಗೆ ಬಿಡುತ್ತಿರಲಿಲ್ಲ. ಅದಕ್ಕೇ ಅವನು ಹುಸಿ ಮೀಸೆ ಅಂಟಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಅಪ್ಪನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ. ಕ್ಯಾಲಿಫೋರ್ನಿಯಾದ ಶುಗ್ಗಿ ಓಟಿಸ್ ಬಗ್ಗೆ ನಾನು ಮೊದಲು ಓದಿದ್ದು ಇದನ್ನು. ನನ್ನದು ಇದರ ತಿರುಗುಮುರುಗು. ನನಗೆ ಹನ್ನೆರಡು ತುಂಬಿದ ಮೇಲೂ ಗಣೇಶೋತ್ಸವದ ನಿರೂಪಕರಿಗೆ ಕೊಡುವ ಚೀಟಿಯಲ್ಲಿ ಅಪ್ಪ ‘ಒಂಬತ್ತು ವರ್ಷದ ಬಾಲಪ್ರತಿಭೆ’ ಎಂದೇ ಬರೆಯುತ್ತಿದ್ದರು.

ಅಪ್ಪನನ್ನು ದೂರುತ್ತಿಲ್ಲ. ಒಂಬತ್ತಕ್ಕೆ ಬೀಳುವ ಚಪ್ಪಾಳೆ ಹನ್ನೆರಡಕ್ಕೆ ಬೀಳುವುದಿಲ್ಲ ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಹದಿನಾಲ್ಕಕ್ಕೆ ನಾನು ಅವರ ಭುಜದೆತ್ತರ ಬೆಳೆದೆ. ಕರೆಯುವವರು ಕಡಿಮೆಯಾದರು. ಎಸ್ಸೆಸ್ಸೆಲ್ಸಿ ಒಳ್ಳೆಯ ನೆಪವಾಯಿತು, ಗಿಟಾರ್ ಅಟ್ಟ ಸೇರಿತು.

ಶುಗ್ಗಿ ನಿಲ್ಲಿಸಲಿಲ್ಲ. ಹದಿನೈದಕ್ಕೆ ಅಲ್ ಕೂಪರ್ ಜೊತೆ ಆಲ್ಬಂ ಮಾಡಿದ. 1974ರ ‘ಇನ್ಸ್‌ಪಿರೇಷನ್ ಇನ್ಫರ್ಮೇಷನ್’ನಲ್ಲಿ ಬಹುಪಾಲು ವಾದ್ಯಗಳನ್ನು ತಾನೇ ನುಡಿಸಿದ. ಅದು ಹೆಚ್ಚು ಮಾರಾಟವಾಗಲಿಲ್ಲ, ಕಂಪನಿ ಕೈಬಿಟ್ಟಿತು. ಅವನು 1971ರಲ್ಲಿ ಹಾಡಿದ್ದ ‘ಸ್ಟ್ರಾಬೆರಿ ಲೆಟರ್ 23’ ಹಿಟ್ ಆದದ್ದು 1977ರಲ್ಲಿ, ಬ್ರದರ್ಸ್ ಜಾನ್ಸನ್ ಅವರ ದನಿಯಲ್ಲಿ.

2012-13ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಶುಗ್ಗಿ ತನ್ನದೇ ಬ್ಯಾಂಡ್ ಕಟ್ಟಿಕೊಂಡು ಮತ್ತೆ ಊರೂರು ಸುತ್ತಿದ. ಮರಳಿ ಬಂದ ಎಂದು ಎಲ್ಲರೂ ಬರೆದರು. ಆದರೆ ಆಗಲೇ ಹೊರಬಂದ ‘ವಿಂಗ್ಸ್ ಆಫ್ ಲವ್’ ಆಲ್ಬಂನಲ್ಲಿ ಇದ್ದದ್ದು, ಅವನು ಕಾಣೆಯಾಗಿದ್ದಾನೆ ಎಂದುಕೊಂಡ ವರ್ಷಗಳಲ್ಲಿ ಮಾಡಿಟ್ಟ ಹಾಡುಗಳು. ಅವನು ಎಲ್ಲಿಗೂ ಹೋಗಿರಲಿಲ್ಲ. ಕೇಳುವವರು ಎದ್ದು ಹೋಗಿದ್ದರು, ಅಷ್ಟೆ.

ನಾನು ಮಾತ್ರ ನಿಜಕ್ಕೂ ಹೋಗಿದ್ದೆ. ಹದಿಮೂರು ವರ್ಷ ತಂತಿ ಮುಟ್ಟಿರಲಿಲ್ಲ. ಯಾರಾದರೂ ಕೇಳಿದರೆ ಪಿಎಚ್‌ಡಿ, ಸಮಯವಿಲ್ಲ ಎನ್ನುತ್ತಿದ್ದೆ. ನಿಜವೆಂದರೆ, ವಯಸ್ಸನ್ನು ಕಳೆದರೆ ನನ್ನ ನುಡಿಸುವಿಕೆಯಲ್ಲಿ ಏನು ಉಳಿಯುತ್ತದೆ ಎಂದು ನೋಡಲು ಹೆದರಿಕೆ. ಮೂರನೇ ಅಧ್ಯಾಯ ಬರೆಯಬೇಕಿದ್ದ ರಾತ್ರಿ ಶುಗ್ಗಿಯ ಆ ಕಚೇರಿಗಳ ವಿಡಿಯೊ ಹಾಕಿ ಕೂತೆ. ಅವನ ವಯಸ್ಸೆಷ್ಟು ಎಂದು ಲೆಕ್ಕ ಹಾಕುವುದು ನೆನಪಾದದ್ದು ಮೂರು ಹಾಡು ಮುಗಿದ ಮೇಲೆ.

ದಸರೆಗೆ ಊರಿಗೆ ಹೋದಾಗ ಗಿಟಾರ್ ಕೆಳಗಿಳಿಸಿದೆ. ಹೊಸ ತಂತಿ ಕಟ್ಟಿದೆ. ಬೆರಳ ತುದಿಗಳು ಮೆತ್ತಗಾಗಿದ್ದವು, ಎರಡು ವಾರ ಉರಿದವು. ಅಪ್ಪ ಬಾಗಿಲಲ್ಲಿ ನಿಂತು ಕೇಳಿ, ಏನೂ ಹೇಳದೆ ಹೋದರು.

ಮೊನ್ನೆ ವಿಭಾಗದ ಬೀಳ್ಕೊಡುಗೆಯಲ್ಲಿ ನುಡಿಸಿದೆ. ನಿರೂಪಣೆ ಮಾಡುತ್ತಿದ್ದ ಹುಡುಗಿ ಪೆನ್ನು ಹಿಡಿದು, “ನಿಮ್ಮ ಬಗ್ಗೆ ಏನು ಹೇಳಲಿ?” ಎಂದಳು.

“ಹೆಸರು ಸಾಕು” ಎಂದೆ.

ನಡುವೆ ಒಮ್ಮೆ ತಪ್ಪಿದೆ. ಚಪ್ಪಾಳೆ ಸಾಧಾರಣವಾಗಿತ್ತು. ಆದರೂ ರೂಮಿಗೆ ಬಂದವಳು ದೀಪ ಹಾಕುವ ಮೊದಲೇ ತಪ್ಪಿದ ಜಾಗವನ್ನು ಮತ್ತೆ ನುಡಿಸಿ ನೋಡಿದೆ.