ಹೆಪ್ಪು ಹಾಕುವ ಹೊತ್ತು

ಹಾಲಿಗೆ ಹೆಪ್ಪು ಹಾಕುವುದು ನನಗೆ ಇಡೀ ದಿನ ಕಾದಿಟ್ಟುಕೊಂಡ ಸುಖ. ನಮ್ಮ ಕೊಡಂಬಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಗಟ್ಟಿ ಮೊಸರಿಲ್ಲದಿದ್ದರೆ ಊಟಕ್ಕೆ ಕಳೆಯಿಲ್ಲ. ಎಮ್ಮೆ ಹಾಲನ್ನು ಸಣ್ಣ ಉರಿಯಲ್ಲಿ ಕೆನೆ ಕೆಂಪಾಗುವವರೆಗೆ ಕಾಯಿಸಬೇಕು. ಆರುವಾಗ ಕಿರುಬೆರಳು ಅದ್ದಿ ನೋಡಬೇಕು: ಬೇಸಿಗೆಗೆ ಉಗುರುಬೆಚ್ಚಗಿದ್ದರೆ ಸಾಕು, ಚಳಿಗಾಲಕ್ಕೆ ತುಸು ಹೆಚ್ಚು ಬಿಸಿ. ಹೆಪ್ಪನ್ನು ಗಡಿಗೆಯ ಒಳಮೈಗೆ ಸವರಿ ಹಾಲು ಹೊಯ್ದ ಮೇಲೆ ಅಲುಗಿಸಕೂಡದು. ಬೀದರ್ ಸೀಮೆಯ ಡಿಸೆಂಬರ್ ಚಳಿಯಲ್ಲಿ ಗಡಿಗೆಗೂ ಕಂಬಳಿ ಹೊದಿಸುತ್ತೇನೆ.

ಆಮೇಲೆ ಕೈ ಖಾಲಿ, ಮನಸ್ಸು ಮಾತ್ರ ಗಡಿಗೆಯೊಳಗೇ. ಹಾಲಿನ ಸಕ್ಕರೆಯನ್ನು ಹುಳಿಯಾಗಿಸುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳಿಗೆ ಇನ್ನೊಂದು ವಿದ್ಯೆಯೂ ಗೊತ್ತು: ನೈಸಿನ್ ಎಂಬ ನಂಜು ಮಾಡುವುದು. 1928ರಲ್ಲಿ ಅಮೆರಿಕದಲ್ಲಿ ಇದರ ಸುಳಿವು ಸಿಕ್ಕಿತು. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹಿರ್ಷ್ ಹೆಸರಿಟ್ಟರು.

ನಂಜು ಮಾಡುವ ಜೀವಿ ಅದರಿಂದ ತಾನೇ ಸಾಯಬಾರದಲ್ಲ? ಅದಕ್ಕಿರುವ ಏರ್ಪಾಟು ನೆನೆದಾಗಲೆಲ್ಲ ಬೆರಗಾಗುತ್ತದೆ. ಕೋಶದೊಳಗೆ ಮೊದಲು ಹುಟ್ಟುವುದು 57 ಅಮೈನೋ ಆಮ್ಲಗಳ ಸರ. ಅದರಲ್ಲಿ ಮುಂದಿನ 23 ಕತ್ತಿಯ ಒರೆಯಿದ್ದಂತೆ. ಒರೆಯಿರುವ ತನಕ ಕತ್ತಿ ಕೊಯ್ಯದು. ಕಿಣ್ವಗಳು ಉಳಿದ 34ನ್ನು ಬಗ್ಗಿಸಿ ಐದು ಉಂಗುರ ಹೆಣೆಯುತ್ತವೆ, ಪಂಪೊಂದು ಸರವನ್ನು ಪೊರೆ ದಾಟಿಸುತ್ತದೆ. ಹೊರಗಿರುವ ಇನ್ನೊಂದು ಕಿಣ್ವ ಆ 23ನ್ನು ಕತ್ತರಿಸಿದ ಮೇಲಷ್ಟೇ ನೈಸಿನ್ ನಂಜಾಗುವುದು.

ಬ್ಯಾಕ್ಟೀರಿಯಾಗಳು ಗೋಡೆ ಕಟ್ಟಲು ಬಳಸುವ ಲಿಪಿಡ್-2 ಎಂಬ ಸಾಮಗ್ರಿಯನ್ನು ಅದು ಹಿಡಿದುಕೊಳ್ಳುತ್ತದೆ. ಗೋಡೆಯ ಕೆಲಸ ನಿಲ್ಲುತ್ತದೆ, ಪೊರೆ ತೂತು ಬಿದ್ದು ಒಳಗಿನದು ಸೋರಿಹೋಗುತ್ತದೆ. ಆದರೆ ಲಿಪಿಡ್-2 ನಂಜು ಮಾಡಿದ ಜೀವಿಯಲ್ಲೂ ಇದೆ! ಹಾಗಾಗಿ ಅಲ್ಲಿ ಕಾವಲು ಬೇಕು. ನಿಸ್-ಐ ಎಂಬ ಪ್ರೋಟೀನು ಪೊರೆಯ ಹೊರಮೈಗೆ ಅಂಟಿ ಕುಳಿತು, ಹತ್ತಿರ ಬಂದ ನೈಸಿನ್ನನ್ನು ತಡೆಯುತ್ತದೆ. ತಪ್ಪಿಸಿಕೊಂಡು ಪೊರೆಗೆ ನುಗ್ಗಿದ್ದನ್ನು ನಿಸ್-ಎಫ್‌ಇಜಿ ಎಂಬ ಪಂಪು ಹೊರದಬ್ಬುತ್ತದೆ. ನಂಜಿನ ಜೀನ್‌ಗಳೂ ಕಾವಲಿನ ಜೀನ್‌ಗಳೂ ಅಕ್ಕಪಕ್ಕದಲ್ಲೇ ಇವೆ. ಹೊರಗೆ ನೈಸಿನ್ ಏರಿದಂತೆ ಎರಡೂ ಚುರುಕಾಗುತ್ತವೆ. ಬರೀ ನಂಜು ಮಾಡುವುದಕ್ಕಿಂತ ಈ ಜೋಡಿ ಲೆಕ್ಕಾಚಾರವೇ ದೊಡ್ಡ ವಿದ್ಯೆ ಎನ್ನುವುದು ನನ್ನ ಎಣಿಕೆ.

ಮನುಷ್ಯರ ಹೊಟ್ಟೆಯ ಕಿಣ್ವಗಳು ನೈಸಿನ್ನನ್ನು ಸಾದಾ ಪ್ರೋಟೀನಿನಂತೆ ಅರಗಿಸಿಬಿಡುತ್ತವೆ. 1969ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಇದನ್ನು ಆಹಾರ ಸಂರಕ್ಷಕವಾಗಿ ಒಪ್ಪಿದರು. ಹುಮನಾಬಾದಿನ ಅಂಗಡಿಯಲ್ಲಿ ಚೀಸ್ ಡಬ್ಬಿ ಕೈಗೆ ಬಂದರೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 234 ಎಂಬ ಸಂಖ್ಯೆ ಹುಡುಕುತ್ತೇನೆ. ಅದು ನೈಸಿನ್ನಿನದು. ಕಣ್ಣಿಗೆ ಬಿದ್ದರೆ ಪಕ್ಕದಲ್ಲಿದ್ದವರಿಗೆ ಈ ಕಥೆ ಹೇಳದೆ ಬಿಡುವುದಿಲ್ಲ.