ಕಾರ್ಡ್ ಲಾಗೇಲ್

2022ರ ದೀಪಾವಳಿಗೆ ನಾಲ್ಕು ದಿನ ಇರುವಾಗ ಅಕ್ಕಲಕೋಟದಿಂದ ನನ್ನ ಅಕ್ಕನ ಮಗ ಎಸ್‌ಟಿ ಬಸ್ ಹಿಡಿದು ವಿಜಾಪುರ ರಸ್ತೆಯ ನಮ್ಮ ಮನೆಗೆ ಬಂದ. ಕಿಸೆಯಲ್ಲಿ ಉದ್ದು ಮಾರಿದ 60 ಸಾವಿರ. “ಮಾಮಾ, ಗೇಮ್ ಆಡೂವಂಥ ಪಿಸಿ ಬೇಕು. ನಿನಗ ಎಲ್ಲಾ ಗೊತ್ತದ ಅಂತ ಅವ್ವ ಅಂದಾಳ.” ನನಗೆ ಗೊತ್ತಿದ್ದದ್ದು ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯುವುದಷ್ಟೇ. ಆದರೆ ಅಕ್ಕ ಅಂದಮೇಲೆ ಗೊತ್ತಿರಲೇಬೇಕಲ್ಲ.

ಅಂಗಡಿಯ ಹುಡುಗ ಮೊದಲು ಐ3 ತೋರಿಸಿದ. ನಾನು ಅದನ್ನು ಮೂರನೇ ಇಯತ್ತೆಯಲ್ಲಿ ನಪಾಸಾದ ಹುಡುಗನನ್ನು ನೋಡುವಂತೆ ನೋಡಿ, “ಐ7 ತೆಗಿ” ಎಂದೆ. ಮೂರಕ್ಕಿಂತ ಏಳು ದೊಡ್ಡದು. ಅಷ್ಟು ಲೆಕ್ಕ ನನಗೆ ಬರುತ್ತದೆ. ಐ7-12700ಎಫ್. 12 ಕೋರ್, 20 ಥ್ರೆಡ್. ಹೆಚ್ಚುಕಮ್ಮಿ ಅರ್ಧ ದುಡ್ಡು ಅದಕ್ಕೇ ಹೋಯಿತು. ಬೋರ್ಡು, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಎಲ್ಲ ಸೇರಿತು. ಮಾನಿಟರ್ ಮನೆಯಲ್ಲಿ ಹಳೆಯದಿತ್ತು. ಅಳಿಯ ನಡುವೆ ಒಮ್ಮೆ “ಮಾಮಾ...” ಎಂದ. ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ ಎಂದು ಕಣ್ಣು ತೋರಿಸಿದೆ.

ಬಿಲ್ ಹಾಕುತ್ತ ಹುಡುಗ ಮರಾಠಿಯಲ್ಲಿ, “ಸರ್, ಕಾರ್ಡ್ ಲಾಗೇಲ್” ಎಂದ. ಕಾರ್ಡ್ ಬೇಕಾಗುತ್ತದೆ ಅಂತ. ದುಡ್ಡು ಕಾರ್ಡಿನಲ್ಲೇ ಕೊಡಬೇಕು ಅನ್ನುತ್ತಿದ್ದಾನೆಂದು ತಿಳಿದು, “ನಾಹೀ ನಾಹೀ, ರೋಖ ದೇತೋ” ಎಂದು ನೋಟಿನ ಕಂತೆ ಮುಂದಿಟ್ಟೆ. ಅವನು ನನ್ನ ಮುಖ ನೋಡಿದ, ಅಳಿಯನ ಮುಖ ನೋಡಿದ, ಸುಮ್ಮನೆ ಎಣಿಸತೊಡಗಿದ.

ಮನೆಯಲ್ಲಿ ಕ್ಯಾಬಿನೆಟ್ಟಿಗೆ ಕುಂಕುಮ ಹಚ್ಚಿ ಬಟನ್ ಒತ್ತಿದೆವು. ಫ್ಯಾನ್ ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಗ್ಗತ್ತಲು. ಕೇಬಲ್ ಬದಲಿಸಿದೆ. ಪಕ್ಕದ ಮನೆಯ ಮಾನಿಟರ್ ತಂದೆ. ಅದರ ಹಿಂದೆಯೇ ಪಕ್ಕದ ಮನೆಯವರೂ ಬಂದರು. ಚೂಡಾ ತಿನ್ನುತ್ತ ಒಬ್ಬೊಬ್ಬರು ಒಂದೊಂದು ವೈರ್ ಅಲುಗಾಡಿಸಿದರು. ಕೊನೆಗೆ ಅಂಗಡಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಕೆಟ್ಟ ಮಾಲು ಕೊಟ್ಟಿದ್ದೀ ಎಂದು ಬೈದೆ. ಅತ್ತಲಿಂದ ತಣ್ಣಗೆ ಉತ್ತರ ಬಂತು: ಐ7ರ ಹಿಂದಿರುವ ಎಫ್ ಅಂದರೆ ಆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಚಿತ್ರ ಮೂಡುವುದಿಲ್ಲ. “ಮೀ ಸಾಂಗಿತಲಂ ಹೋತಂ, ಸರ್. ಕಾರ್ಡ್ ಲಾಗೇಲ್.”

ಚೂಡಾ ಅಗಿಯುವ ಸದ್ದೂ ನಿಂತಿತು.

ಅಲ್ಲಿಗಾದರೂ ಯಾರನ್ನಾದರೂ ಕೇಳಬೇಕಿತ್ತು. ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ! ಮರುದಿನ ಉಳಿದ ದುಡ್ಡಿಗೆ ಬಂದದ್ದನ್ನೇ ತಂದೆ: ಜಿಟಿ 1030. ಅದೂ ಡಿಡಿಆರ್4 ಮೆಮೊರಿಯದು. ಇದೇ ಹೆಸರಲ್ಲಿ 2017ರಲ್ಲಿ ಬಂದ ಜಿಡಿಡಿಆರ್5 ಕಾರ್ಡಿನ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. ಮರುವರ್ಷ ಬಂದ ಇದರದು 17ಕ್ಕೂ ಕಡಿಮೆ. ಡಬ್ಬಿಯ ಮೇಲೆ ಇಬ್ಬರಿಗೂ ಒಂದೇ ಹೆಸರು. ಅಳಿಯ ಜಿಟಿಎ 5 ಹಾಕಿದ. ಕಾರು ತಿರುವಿಗೊಮ್ಮೆ ತೊದಲಿತು. ಚಿತ್ರದ ಗಾತ್ರ ಇಳಿಸಿ ಇಳಿಸಿ ಕೊನೆಗೆ ರಸ್ತೆ ಯಾವುದು, ಗೋಡೆ ಯಾವುದು ತಿಳಿಯದಾಯಿತು. “ಇರಲಿ ಬಿಡು ಮಾಮಾ, ಕಾಲೇಜಿನ ಪ್ರಾಜೆಕ್ಟಿಗೆ ಚಲೋ ಆಗ್ತದ” ಎಂದ. ಅವನು ಬೈದಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ನಮ್ಮಪ್ಪ ಸಿದ್ಧೇಶ್ವರ ಜಾತ್ರೆಯ ದನದ ಬಜಾರಿನಲ್ಲಿ ಖಿಲಾರಿ ಎತ್ತು ನೋಡುವಾಗ ಎಷ್ಟೇ ಜೋರಿನದಿದ್ದರೂ ಮನೆಯಲ್ಲಿದ್ದ ಎತ್ತಿಗೆ ಜೋಡಿ ಆಗುತ್ತದೋ ಇಲ್ಲವೋ ಎಂದೇ ಮೊದಲು ನೋಡುತ್ತಿದ್ದ. ಒಂದು ಕಡೆ ಖಿಲಾರಿ, ಇನ್ನೊಂದು ಕಡೆ ಕರು ಹೂಡಿದರೆ ಗಾಡಿ ನಡೆಯುವುದು ಕರುವಿನ ನಡಿಗೆಯಲ್ಲೇ. ಇದನ್ನು ನೋಡುತ್ತಲೇ ಬೆಳೆದವನು ನಾನು. ಹುಡುಗ ಮೊದಲು ತೋರಿಸಿದ ಐ3-12100ಎಫ್‌ನಲ್ಲಿ 4 ಕೋರ್, 8 ಥ್ರೆಡ್. ಇಷ್ಟು ದುಡ್ಡಿನ ಗೇಮಿಂಗ್ ಪಿಸಿಗೆ ಧಾರಾಳವಾಯಿತು. ಉಳಿದದ್ದನ್ನೆಲ್ಲ ಕಾರ್ಡಿಗೆ ಸುರಿದಿದ್ದರೆ ಅಳಿಯ ಇವತ್ತಿಗೂ ಆಡುತ್ತಿದ್ದ. ಆದರೆ ಐ3 ಕೊಡಿಸಿದ ಮಾಮಾ ಅಂತ ಅಕ್ಕಲಕೋಟದಲ್ಲಿ ಹೇಗೆ ಹೇಳಿಸಿಕೊಳ್ಳಲಿ?

ಸಂಕ್ರಾಂತಿಗೆ ಅಕ್ಕನ 60 ಸಾವಿರ ಹಿಂತಿರುಗಿಸಿ ಆ ಪಿಸಿ ನಾನೇ ಇಟ್ಟುಕೊಂಡೆ. ಈ ಬರಹ ಟೈಪ್ ಮಾಡಿದ್ದೂ ಅದರಲ್ಲೇ. 20 ಥ್ರೆಡ್‌ಗಳಲ್ಲಿ ಒಂದೂ ಬೆವರಿಲ್ಲ.